ಬೆನ್ನಿನ ಜಿಪ್

ಡಬ್ಬಿ ಐದು ಬರಬೇಕಿತ್ತು, ಬಂದದ್ದು ನಾಲ್ಕು.
ಲಿಂಗಸುಗೂರು ಬಸ್ಸಿನ ಟಾಪಿನಿಂದ
ಉಳ್ಳಾಗಡ್ಡಿ ಚೀಲಗಳ ನಡುವಿಂದ ಇಳಿಸಿಕೊಂಡ ಲಾಲಸಾಬ
ಬೆರಳು ಮಡಚಿ ಎಣಿಸಿ, ಮತ್ತೆ ಎಣಿಸಿ,
'ನಡೀಲಿ ಬಿಡ್ರಿ, ಜಪಾನಿನ ಕತಿ,
ನಡುವ ಒಂದು ಇಲ್ಲಂದ್ರ ಯಾರಿಗೆ ತಿಳಿತೈತಿ?' ಅಂದ.

ಹಟ್ಟಿ ಚಿನ್ನದ ಗಣಿಯ ಕ್ಯಾಂಪು. ಕ್ಲಬ್ಬಿನ ಹಿಂದೆ
ವಾಲಿಬಾಲ್ ಕಂಬಗಳಿಗೆ ಬಿಗಿದ ಪರದೆ.
ಗಾಳಿ ಬಂದರೆ ಸಮುದ್ರಕ್ಕೆ ಬೊಜ್ಜು ಬರುತ್ತಿತ್ತು.
ಆ ಬೊಜ್ಜಿನಿಂದಲೇ ಎದ್ದಿತು ಅದು,
ಕಡೆಗೂ ಎದ್ದಿತು,
ಕೋಟು ತೊಟ್ಟವರು ಮೇಜಿನ ಸುತ್ತ ಮುಕ್ಕಾಲು ಗಂಟೆ
ನಕ್ಷೆಗೆ ಕಡ್ಡಿ ಚುಚ್ಚಿ ಮಾತಾಡಿದ ಮೇಲೆ.
ತುಟಿ ನಿಂತರೂ ಮಾತು ನಿಲ್ಲುತ್ತಿರಲಿಲ್ಲ ಅವರದು,
ಮಾತು ನಿಂತರೂ ತುಟಿ.
'ನಮ್ಮ ಸಾಹೇಬರ ಭಾಷಣ ಇದ್ದಂಗ ಐತಲೇ'
ಕತ್ತಲಿಂದ ಯಾರೋ.

ಹಲ್ಲಿಯ ಮೈ, ಎಮ್ಮೆಯ ನಡಿಗೆ,
ಒಂದು ಕಣ್ಣು ಊರ ಕಡೆ, ಇನ್ನೊಂದು ನಮ್ಮ ಕಡೆ.
ಬಾಲ ಮಾತ್ರ ತುಸು ತಡವಾಗಿ ತಿರುಗುತ್ತಿತ್ತು,
ದಾರ ಎಳೆಯುವವನು ಮರೆತು
ಆಮೇಲೆ ನೆನಪಾಗಿ ಎಳೆದಂತೆ.
ರೈಲು ಕಚ್ಚಿ ಎತ್ತಿತು. ಬೋಗಿಯಲ್ಲಿ ಒಬ್ಬರೂ ಇಲ್ಲ.
ಮಿಠಾಯಿ ಪೆಟ್ಟಿಗೆಯಂಥ ಮನೆಗಳನ್ನು ತುಳಿಯಿತು.
ಕೆಡವಿದ ಗೋಡೆಯಲ್ಲಿ ಒಂದೂ ಇಟ್ಟಿಗೆ ಕಾಣದೆ
ಗೌಂಡಿ ಜಂಬಣ್ಣನಿಗೆ ಸಿಟ್ಟು:
'ಇಂಥಾ ಕೆಲಸಕ್ಕ ಬಿಲ್ ಹೆಂಗ ಪಾಸಾತು?'
ಟೇಲರ್ ಬಂದೇನವಾಜ ಬೀಡಿಯ ಕೆಂಡದಿಂದಲೇ
ಪರದೆ ತೋರಿಸಿದ:
'ನೋಡ್ರಿ ನೋಡ್ರಿ, ಬೆನ್ನಾಗ ಜಿಪ್ ಐತಿ.'

ಇತ್ತು.
ಮುಳ್ಳಿನ ಸಾಲಿನ ನಡುವೆ ಮಿಣ್ಣಗೆ ಹೊಳೆವ ಗೀಟು.
ಕ್ಯಾಂಪು ಇಡೀ ನಕ್ಕ ನಗುವಿಗೆ
ಬೇವಿನ ಮರದ ಕಾಗೆ ಎದ್ದವು.

ಆಗಲೇ ಅದು ಹೆಜ್ಜೆ ಇಡುವುದಕ್ಕೂ
ಕೆಳಗೆ ಎರಡನೇ ಪಾಳಿಯವರ ಮದ್ದು ಹಾರುವುದಕ್ಕೂ ಸರಿಹೋಯಿತು.
ನೆಲ ನಿಜಕ್ಕೂ ನಡುಗಿತು. ಪ್ರೊಜೆಕ್ಟರು ಕುಣಿದು
ಜಪಾನು ಪರದೆ ಬಿಟ್ಟು ಹಾರಿ
ಕ್ಲಬ್ಬಿನ ಗೋಡೆಯ ಮೇಲೆ ಅರ್ಧ, ಬೇವಿನ ಮೇಲೆ ಅರ್ಧ.
ಹೊಸ ಗುಮಾಸ್ತನ ಹೆಂಡತಿ ಚೀರಿದಳು.
ನಮಗೇನು, ಹುಟ್ಟಿದ್ದೇ ಆ ನಡುಕದಲ್ಲಿ;
ಗೂಡಿನ ತಟ್ಟೆಗಳು ಗಲಗಲ ಅಂದರೆ
ಉಣ್ಣುವ ಹೊತ್ತು ಅಂತ ಲೆಕ್ಕ.

ಅಪ್ಪ ನಕ್ಕಿರಲಿಲ್ಲ.
ಮೊದಲ ಪಾಳಿ ಮುಗಿಸಿ ಬಂದು ಮಿಂದು
ತಲೆ ಒರೆಸಿಕೊಳ್ಳದೆ ಕೂತಿದ್ದ.
'ಒಳಗ ಬಾಳ ಧಗಿ ಇರ್ತೈತಿ' ಅಂದ.
ಎಲ್ಲಿ ಒಳಗೆ?
'ಅದರಾಗ ಹೊಕ್ಕಾನಲ್ಲ, ಅವಗ.
ಕುತಿಗಿ ನೋಡು. ಗದ್ದದ ಕೆಳಗ ಎರಡು ತೂತು.
ಉಸರು ಅಲ್ಲಿಂದ.'

ಆಮೇಲೆ ನಾನು ಬೇರೇನೂ ನೋಡಲಿಲ್ಲ.
ವಿಮಾನಗಳು ಬಂದವು, ದಾರದ ಸಮೇತ,
ಪಟಾಕಿ ಉಗುಳಿದವು. ಒಬ್ಬಳು ಹುಡುಗಿ ಹಾಡಿದಳು.
ಅದು ಮುಗ್ಗರಿಸಿ ಬೆಂಕಿಗುಡ್ಡದೊಳಗೆ ಬಿತ್ತು.
ಆ ಎರಡು ತೂತು ಹೊಗೆಯಲ್ಲಿ ಮುಳುಗುವವರೆಗೆ
ನಾನೂ ಉಸಿರು ಬಿಗಿಹಿಡಿದಿದ್ದೆ.

ಸತ್ತಿತು ಅಂತ ಹೆಂಗಸರು ಚಾಪೆ ಸುತ್ತುತ್ತಿದ್ದಾಗ
ಲಾಲಸಾಬ ಮೂರನೇ ಡಬ್ಬಿ ಏರಿಸಿದ.
ನಡುವಿನದು ಕಡೆಗೆ ಬಂತು.
ಗುಡ್ಡ ಆರಿತು, ಮನೆಗಳು ನೆಟ್ಟಗೆ ನಿಂತವು,
ರೈಲು ಹಳಿಯ ಮೇಲೆ, ಕೋಟಿನವರು ಮೇಜಿಗೆ,
ಅದು ಮತ್ತೆ ನೀರಿನಿಂದ ಎದ್ದು ಬಾಲ ಕೊಡವಿತು.
ಯಾರೂ ತಕರಾರು ತೆಗೆಯಲಿಲ್ಲ.
ಚಪ್ಪಾಳೆ. ಚಾಪೆಗಳು ಮತ್ತೆ ಬಿಚ್ಚಿಕೊಂಡವು.
ಮೂರನೇ ಪಾಳಿಯವರು ಮಾತ್ರ
ಟೋಪಿ ದೀಪ ಸರಿಮಾಡಿಕೊಳ್ಳುತ್ತ
ಒಬ್ಬೊಬ್ಬರೇ ಎದ್ದು ಹೋದರು.

ಮುಂಜಾನೆ ಹಿತ್ತಲಲ್ಲಿ
ಬೆಂಕಿಪೊಟ್ಟಣದ ಊರು ಕಟ್ಟಿದೆವು ನಾನು, ತಂಗಿ.
ಸೇದುವ ಹಗ್ಗ ನನಗೆ ಬಾಲ.
ಹೊಸ್ತಿಲ ಹೊರಗೆ ಬೋರಲು ಹಾಕಿದ್ದ
ಅಪ್ಪನ ಗಮ್‌ಬೂಟು ತೊಡೆಯವರೆಗೆ ಏರಿಸಿದೆ.
ಒಂದು ಕಾಲು ಎತ್ತಿಡುವುದರಲ್ಲಿ ಸಾಕಾಯಿತು,
ಎಮ್ಮೆಯಂತೆ ನಡೆಯದೆ ಗತಿಯಿಲ್ಲ.
'ಕೂಗೋ' ಅಂದಳು ತಂಗಿ, ಊರಿನ ಪರವಾಗಿ ಹೆದರಿ.
ಕೂಗಿದೆ.
ಬೂಟಿನೊಳಗೆ ಇನ್ನೂ ಒದ್ದೆಯಿತ್ತು,
ಬೆಚ್ಚಗೆ.